ಸ್ನಾಯುಗಳ ಆನುವಂಶಿಕ ಬಿಗಿತ: ರೋಗನಿದಾನ ಮತ್ತು ಔಷಧೋಪಚಾರ



ಹಿಡಿದ ಚೊಂಬನ್ನು ಕೂಡಲೇ ಬಿಡಲಾಗದ ಕೈ. ಕುಳಿತಲ್ಲಿಂದ ಎದ್ದೊಡನೆ ಮರದಂತೆ ಸೆಟೆದು ನಿಲ್ಲುವ ಕಾಲು. ಬಸ್ಸು ಹಿಡಿಯಲು ಓಡಹೊರಟು ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುವ ತರುಣ. ಇಂಥವರನ್ನು ಕಂಡವರು ಸೋಮಾರಿತನವೆಂದೋ ವಾತವೆಂದೋ ತೀರ್ಮಾನಿಸಿಬಿಡುವುದುಂಟು. ಆದರೆ ಇದಕ್ಕೆ ಮಯೋಟೋನಿಯಾ ಎಂಬ ಅಪರೂಪದ ಆನುವಂಶಿಕ ದೋಷ ಕಾರಣವಾಗಿರಬಹುದು.

1876ರಲ್ಲಿ ಈ ರೋಗವನ್ನು ವಿಶದವಾಗಿ ವರ್ಣಿಸಿದ ವೈದ್ಯ ಜೂಲಿಯಸ್ ಥಾಮ್ಸನ್ ಸ್ವತಃ ಇದರಿಂದ ಬಳಲುತ್ತಿದ್ದರು. ಅವರ ಮನೆತನದಲ್ಲಿ ಅದು ತಲೆಮಾರುಗಳಿಂದ ಹರಿದುಬಂದಿತ್ತು. ಸೈನಿಕ ಸೇವೆ ತಪ್ಪಿಸಿಕೊಳ್ಳಲು ನಟಿಸುತ್ತಿದ್ದಾನೆಂಬ ಆಪಾದನೆ ಮಗನ ಮೇಲೆ ಬಂದಾಗ, ಆ ತಂದೆ ಮನೆತನದ ಗುಟ್ಟನ್ನು ವೈದ್ಯಲೋಕದ ಮುಂದಿಟ್ಟರು. ಅಂದಿನ ಆ ಆಪಾದನೆಯನ್ನು ಇಂದಿಗೂ ಅನೇಕ ರೋಗಿಗಳು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಿದ್ದಾರೆ.

ಸ್ನಾಯು ಸಂಕುಚಿಸಿದ ಮೇಲೆ ಸಡಿಲಗೊಳ್ಳಬೇಕಾದರೆ ಅದರ ವಿದ್ಯುತ್ ಚಟುವಟಿಕೆ ಶಮನವಾಗಬೇಕು. ಸ್ನಾಯುಕೋಶದ ಪೊರೆಯಲ್ಲಿರುವ ಕ್ಲೋರೈಡ್ ಮಾರ್ಗಗಳು ಈ ಕಾರ್ಯಕ್ಕೆ ನೆರವಾಗುತ್ತವೆ. ಅವುಗಳನ್ನು ರೂಪಿಸುವ ವಂಶವಾಹಿ ಕೆಟ್ಟಿದ್ದರೆ ಸ್ನಾಯು ಮತ್ತೆ ಮತ್ತೆ ಉದ್ರೇಕಗೊಂಡು ಬಿಗಿದೇ ಉಳಿಯುತ್ತದೆ. ಅದೇ ಚಲನೆಯನ್ನು ಹಲವು ಬಾರಿ ಮಾಡಿದಾಗ ಈ ಬಿಗಿತ ಕಡಿಮೆಯಾಗುತ್ತದೆ. ಸೋಡಿಯಂ ಮಾರ್ಗದ ದೋಷದಿಂದ ಬರುವ ಪ್ಯಾರಾಮಯೋಟೋನಿಯಾದಲ್ಲಿ ಇದಕ್ಕೆ ವಿರುದ್ಧವಾಗಿ, ದುಡಿದಷ್ಟೂ ಬಿಗಿತ ಹೆಚ್ಚುತ್ತದೆ; ಚಳಿಯಲ್ಲಂತೂ ಇನ್ನೂ ಉಲ್ಬಣಿಸುತ್ತದೆ. ದೆಹಲಿಯಂತಹ ಊರುಗಳ ಚಳಿಗಾಲ ಇಂಥವರಿಗೆ ಕಷ್ಟದ ಕಾಲ.

ರೋಗನಿದಾನ ಸರಳ ಪರೀಕ್ಷೆಯಿಂದಲೇ ಆರಂಭವಾಗುತ್ತದೆ. ಮುಷ್ಟಿ ಬಿಗಿದು ತಟ್ಟನೆ ಬಿಚ್ಚುವಂತೆ ವೈದ್ಯರು ಹೇಳುತ್ತಾರೆ. ಹೆಬ್ಬೆರಳ ಬುಡದ ಸ್ನಾಯುವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡುತ್ತಾರೆ. ಬಳಿಕ ಸ್ನಾಯುವಿಗೆ ಸೂಜಿ ಚುಚ್ಚಿ ಇ.ಎಂ.ಜಿ. ಪರೀಕ್ಷೆ ನಡೆಸಿದಾಗ ಏರಿಳಿಯುವ ಮೊರೆತದಂತಹ ವಿಶಿಷ್ಟ ಸದ್ದು ಕೇಳಿಬರುತ್ತದೆ. ಯಾವ ಬಗೆಯ ರೋಗವೆಂಬುದನ್ನು ವಂಶವಾಹಿ ಪರೀಕ್ಷೆ ಖಚಿತಪಡಿಸುತ್ತದೆ. ಬಿಗಿತದ ಜೊತೆಗೆ ಸ್ನಾಯುಕ್ಷಯ, ಎಳೆವಯಸ್ಸಿನಲ್ಲೇ ಕಣ್ಣಿನ ಪೊರೆ, ಹೃದಯ ಬಡಿತದ ತೊಂದರೆಗಳಿದ್ದರೆ ಅದು ಮಯೋಟೋನಿಕ್ ಡಿಸ್ಟ್ರೋಫಿ ಎಂಬ ಹೆಚ್ಚು ಗಂಭೀರವಾದ ಬೇರೆ ರೋಗವಾಗಿರಬಹುದು. ಆದುದರಿಂದಲೇ ನಿದಾನ ಸರಿಯಾಗಿರುವುದು ಅಗತ್ಯ.

ದೋಷವನ್ನು ಬುಡಸಹಿತ ನಿವಾರಿಸುವ ಔಷಧಿ ಇಲ್ಲ. ಬಿಗಿತವನ್ನು ತಗ್ಗಿಸುವ ಔಷಧಿಗಳಿವೆ. ಹೃದಯದ ಲಯ ಸರಿಪಡಿಸಲು ಬಳಕೆಗೆ ಬಂದ ಮೆಕ್ಸಿಲೆಟಿನ್ ಅವುಗಳಲ್ಲಿ ಪ್ರಮುಖವಾದುದು. 59 ರೋಗಿಗಳನ್ನೊಳಗೊಂಡು 2012ರಲ್ಲಿ ಪ್ರಕಟವಾದ ಅಧ್ಯಯನವು ಇದರಿಂದ ಬಿಗಿತ ಕಡಿಮೆಯಾಗುವುದನ್ನು ತೋರಿಸಿತು. 2018ರಲ್ಲಿ ಯುರೋಪಿನ ಒಕ್ಕೂಟವು ಕ್ಷಯರಹಿತ ಮಯೋಟೋನಿಯಾ ಇರುವ ವಯಸ್ಕರಿಗಾಗಿ ಇದಕ್ಕೆ ಅನುಮತಿ ನೀಡಿತು. ಆದರೆ ಇದೇ ಔಷಧಿ ಕೆಲವರ ಹೃದಯಕ್ಕೆ ಅಪಾಯ ತರಬಲ್ಲದು. ಇ.ಸಿ.ಜಿ. ಮಾಡಿಸದೆ, ತಜ್ಞರ ಸಲಹೆಯಿಲ್ಲದೆ ಇದನ್ನು ಸೇವಿಸಲೇಬಾರದು. ಲ್ಯಾಮೋಟ್ರಿಜಿನ್ ಮುಂತಾದ ಔಷಧಿಗಳನ್ನೂ ವೈದ್ಯರು ಕೆಲವೊಮ್ಮೆ ಸೂಚಿಸುತ್ತಾರೆ.

ಇನ್ನೊಂದು ಮುಖ್ಯ ಎಚ್ಚರಿಕೆ: ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ತಜ್ಞರಿಗೆ ಈ ರೋಗದ ವಿಷಯ ತಪ್ಪದೆ ತಿಳಿಸಬೇಕು. ಸಕ್ಸಿನೈಲ್‌ಕೋಲಿನ್ ಎಂಬ ಔಷಧಿಯಿಂದ ದವಡೆ ಮತ್ತು ಎದೆಯ ಸ್ನಾಯುಗಳು ಸೆಟೆದು ಉಸಿರಾಟಕ್ಕೇ ಅಡ್ಡಿಯಾಗಬಹುದು.

ಥಾಮ್ಸನ್ ವರ್ಣಿಸಿದ ಬಗೆಯು ತಂದೆತಾಯಿಯರಲ್ಲಿ ಒಬ್ಬರಿಂದಲೇ ಬರಬಲ್ಲದು. ಬೆಕರ್ ಬಗೆಯಲ್ಲಿ ಇಬ್ಬರಿಂದಲೂ ದೋಷ ಬರಬೇಕು. ಸೋದರಮಾವ, ಅತ್ತೆಯ ಮಕ್ಕಳೊಡನೆ ವಿವಾಹವಾಗುವ ನಮ್ಮ ಪದ್ಧತಿಯಲ್ಲಿ ಇಂತಹ ಸಂಭವ ಹೆಚ್ಚು. ಆದುದರಿಂದ ರೋಗವಿರುವ ಕುಟುಂಬದವರು ವಿವಾಹಕ್ಕೆ ಮುನ್ನ ಆನುವಂಶಿಕ ಸಲಹೆ ಪಡೆಯುವುದು ಹಿತಕರ. 2021ರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯು ಹೆಸರಿಸಿದ ಕೇಂದ್ರಗಳಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಗಳೂ ಸೇರಿವೆ.

ಮನೆಯ ಮಗುವೊಂದು ಆಟದಲ್ಲಿ ಪದೇ ಪದೇ ಬೀಳುತ್ತಿದ್ದರೆ, ಗದರಿಸುವ ಮುನ್ನ ಅದರ ಮುಷ್ಟಿ ಹೇಗೆ ಬಿಚ್ಚುತ್ತದೆಂದು ಗಮನಿಸಿ. ಸಂಶಯ ಬಂದರೆ ನರರೋಗ ತಜ್ಞರ ಬಳಿಗೆ ಕರೆದೊಯ್ಯಿರಿ. ಆ ಮಗುವಿಗೆ ಮೊದಲು ಬೇಕಾದುದು ನಮ್ಮ ನಂಬಿಕೆ. ಔಷಧಿಯ ಮಾತು ಅನಂತರದ್ದು.