ಮುಪ್ಪಿನ ಅನ್ನಕ್ಕೆ ವಂತಿಗೆ ಯಾರದು?



ಕಾಯಕ, ದಾಸೋಹ ಎಂಬ ಮಾತುಗಳು ದಿನವೂ ನಮ್ಮ ಬಾಯಲ್ಲಿ ಬರುತ್ತವೆ. ದುಡಿಯುವ ಕೈ ಸೋತ ಮೇಲೆ ಕಾಯಕಜೀವಿಯ ಗತಿ ಏನು ಎಂಬುದನ್ನು ಮಾತ್ರ ನಾವು ಅಷ್ಟಾಗಿ ಕೇಳಿಕೊಳ್ಳುವುದಿಲ್ಲ.

ನಮ್ಮ ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹೊಲಿಯುವವರಿಗೆ ಪೀಸಿನ ಲೆಕ್ಕದಲ್ಲಿ ಕೂಲಿ. ಸಿರುಗುಪ್ಪದ ಅಕ್ಕಿ ಗಿರಣಿಗಳ ಹಮಾಲರಿಗೆ ಚೀಲದ ಲೆಕ್ಕ. ಆರ್ಡರ್ ಬಂದರೆ ಉಂಟು, ಕಾಲುವೆಗೆ ನೀರು ಬಂದರೆ ಉಂಟು. ಇಂಥವರ ಮುಪ್ಪಿಗೆ ಭದ್ರತೆ ಒದಗಿಸಲು ದಾರಿಗಳು ಎರಡು. ದುಡಿಯುವಾಗಲೇ ಅವರಿಂದಲೂ ಮಾಲೀಕರಿಂದಲೂ ವಂತಿಗೆ ಹಿಡಿಯುವುದು ಒಂದು. ಎಲ್ಲರ ತೆರಿಗೆಯಿಂದ ಕೊಡುವುದು ಇನ್ನೊಂದು.

ವಂತಿಗೆಯ ದಾರಿಗೆ ಒಂದು ಮರ್ಯಾದೆ ಇದೆ. ಇಎಸ್‌ಐನಲ್ಲಿ ಕಾರ್ಮಿಕರದು ಕೂಲಿಯ ಶೇ. 0.75, ಮಾಲೀಕರದು ಶೇ. 3.25. ಕಾಯಿಲೆ ಬಿದ್ದರೆ ಔಷಧಿಯೂ ಕೂಲಿಯ ಒಂದು ಪಾಲೂ ಹಕ್ಕಾಗಿ ಸಿಗುತ್ತವೆ, ಯಾರ ಮುಂದೆಯೂ ಕೈಚಾಚಬೇಕಿಲ್ಲ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವರ ಪಾಡೇನು?

ಅವರು ತಾವೇ ಕಟ್ಟಿಕೊಳ್ಳಲಿ ಎಂದು 2015ರಲ್ಲಿ ಅಟಲ್ ಪಿಂಚಣಿ ಬಂತು. 18ರ ಹುಡುಗಿ ತಿಂಗಳಿಗೆ 210 ರೂಪಾಯಿ ಕಟ್ಟಿದರೆ 60ರ ಮೇಲೆ 5,000 ರೂಪಾಯಿ. 40ಕ್ಕೆ ಸೇರುವ ತಾಯಿ ಅದೇ 5,000ಕ್ಕಾಗಿ 20 ವರ್ಷ, ತಿಂಗಳಿಗೆ 1,454 ಕಟ್ಟಬೇಕು. ಆರ್ಡರ್ ಇಲ್ಲದ ತಿಂಗಳು ಎಲ್ಲಿಂದ ತರುತ್ತಾಳೆ? ಅಷ್ಟು ವರ್ಷಗಳಾದ ಮೇಲೆ 5,000ಕ್ಕೆ ಎಷ್ಟು ಅಕ್ಕಿ ಬಂದೀತೋ!

ಇನ್ನು ತೆರಿಗೆಯ ದಾರಿ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ, ಅಂದರೆ ದಿನಕ್ಕೆ 40. ಇದನ್ನು ನಮ್ಮವರಲ್ಲೇ ಕೆಲವರು ಪುಕ್ಕಟೆ ಕೂಳು, ಕಾಯಕ ತತ್ವಕ್ಕೆ ವಿರುದ್ಧ ಎನ್ನುತ್ತಾರೆ. ನಾನು ಒಪ್ಪಲಾರೆ. ಬಾಳೆಲ್ಲ ಭತ್ತದ ಸಸಿ ನೆಟ್ಟ ಅಜ್ಜಿ ಕಾಯಕ ಮಾಡಿಲ್ಲವೇ? ಕೊಂಡ ಚಪ್ಪಲಿಗೆ, ಸೋಪಿಗೆ ತೆರಿಗೆ ಕೊಟ್ಟಿಲ್ಲವೇ? ಆಯ್ದಕ್ಕಿ ಲಕ್ಕಮ್ಮ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಿರುಗಿಸೆಂದು ಮಾರಯ್ಯನಿಗೆ ಹೇಳಿದ ಪ್ರಸಂಗವನ್ನು ನಾವು ಬಡವರಿಗೇ ಹೇಳುತ್ತೇವೆ. ಗೋದಾಮು ತುಂಬಿದವರು ಕೇಳಬೇಕಾದ ಕಥೆ ಅದು.

ತೆರಿಗೆಯ ದಾರಿಯಲ್ಲೂ ಕುಂದಿದೆ. ಬೆಲೆ ಏರಿದರೂ ಸರ್ಕಾರ ಮನಸ್ಸು ಮಾಡುವ ತನಕ ಮೊತ್ತ ಏರುವುದಿಲ್ಲ. ಆದ್ದರಿಂದ ನನ್ನ ಅಭಿಪ್ರಾಯ ಇದು: ಮುಪ್ಪಿನ ಅನ್ನದ ಮಟ್ಟಿಗೆ ತೆರಿಗೆಯಿಂದಲೇ ಬರಲಿ, ಬೆಲೆಯ ಜೊತೆ ಏರಲಿ, ಅದರ ಮೇಲಿನದಕ್ಕೆ ವಂತಿಗೆ ಇರಲಿ.

ನಡುವೆ ಮೂರನೆಯದೊಂದು ದಾರಿಯೂ ಉಂಟು. ಕಾನೂನಿನಂತೆ ಕಟ್ಟಡದ ವೆಚ್ಚದ ಶೇ. 1 ಸೆಸ್ ಆಗಿ ಕಟ್ಟಡ ಕಾರ್ಮಿಕರ ಮಂಡಳಿಗೆ ಹೋಗುತ್ತದೆ. ಗಾರೆ ಕೆಲಸದವರು ಹತ್ತು ಮೇಸ್ತ್ರಿಗಳ ಕೈಕೆಳಗೆ ದುಡಿದರೂ ನಿಧಿ ಒಂದೇ. ಮಾರಾಟವಾಗುವ ಪ್ರತಿ ಜೀನ್ಸ್ ಪ್ಯಾಂಟಿನ ಮೇಲೂ ಹೀಗೊಂದು ಸಣ್ಣ ಸೆಸ್ ಏಕಿರಬಾರದು? ಅದನ್ನು ಸರ್ಕಾರದ ಮುಂದೆ ಕೇಳೋಣ.

ಕಾನೂನು ಈಗಾಗಲೇ ಹೇಳಿರುವುದೂ ಇದೆ. ಈ ಸಭೆಯಲ್ಲಿ ಗಿರಣಿಗಳ, ಘಟಕಗಳ ಮಾಲೀಕರೂ ಕುಳಿತಿದ್ದೀರಿ. ದಾಸೋಹಕ್ಕೆ ಅಕ್ಕಿ ಚೀಲ ಕೊಡುವಾಗ ನಿಮ್ಮ ಕೈ ದೊಡ್ಡದು. 10 ಜನ ದುಡಿಯುವ ಕಾರ್ಖಾನೆಗೆ ಇಎಸ್‌ಐ ಅನ್ವಯಿಸುತ್ತದೆ, ಪೀಸಿನ ಕೂಲಿಯವರೂ ಅದರಲ್ಲಿ ಸೇರುತ್ತಾರೆ. ನಿಮ್ಮಲ್ಲಿ ಮಷಿನ್ ಮುಂದೆ ಕೂರುವವರು ಎಷ್ಟು ಜನ, ಪುಸ್ತಕದಲ್ಲಿ ಎಷ್ಟು ಹೆಸರು?