ಹಿತ್ತಲಿನ ಟೊಮೇಟೊ ಹಣ್ಣು ಮತ್ತು ಮನೆಯ ಅಡಿಗೆ

(ಬಂಗಾರಪೇಟೆಯಲ್ಲಿ ರೈತರ ಮತ್ತು ಗೃಹಿಣಿಯರ ಸಭೆಯಲ್ಲಿ ಮಾಡಿದ ಉಪನ್ಯಾಸ)



ವ್ಯವಸಾಯದ ಇನ್ಸ್‌ಪೆಕ್ಟರನು ಒಲೆಯ ಮುಂದಿನ ಮಾತನ್ನಾಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಬೀಜ, ಗೊಬ್ಬರ, ರೋಗ, ಕೀಟ ಇವೇ ನಮ್ಮ ಉದ್ಯೋಗದ ವಿಷಯಗಳೆಂದು ಎಲ್ಲರೂ ಬಲ್ಲಿರಿ. ಆದರೆ ಬೆಳೆದ ಪದಾರ್ಥವು ಬೆಳೆದವನ ಮನೆಯ ಊಟದೆಲೆಗೆ ಬಾರದೆ ಕೊಳೆತುಹೋದರೆ ಆ ವ್ಯವಸಾಯವು ಅರ್ಧ ಮಾತ್ರ ಸಫಲವಾಯಿತೆಂದೇ ಹೇಳಬೇಕು. ಈ ಅಭಿಪ್ರಾಯವು ನನಗೆ ಉಂಟಾದ ಬಗೆಯನ್ನು ಮೊದಲು ಅರಿಕೆ ಮಾಡುತ್ತೇನೆ.

ಈ ತಾಲ್ಲೂಕಿನ ಒಂದು ಹಳ್ಳಿಗೆ ಬೆಳೆಯನ್ನು ನೋಡಲು ಹೋಗಿದ್ದೆನು. ಪೇಟೆಯಲ್ಲಿ ಧಾರಣೆ ಬಿದ್ದಿದ್ದ ಕಾಲ. ಹಣ್ಣು ಬಿಡಿಸಿದ ಕೂಲಿಯೂ ಹುಟ್ಟದೆ, ಕೆಂಪಗೆ ಕಳಿತ ಹಣ್ಣು ಬದುವಿನ ಮೇಲೆ ರಾಶಿಯಾಗಿ ಬಿದ್ದಿತ್ತು. ಹೊಲದ ಯಜಮಾನನು ಆದರದಿಂದ ಊಟಕ್ಕೆ ಕರೆದನು. ಮುದ್ದೆಯೊಡನೆ ಬಡಿಸಿದ್ದು ಹುಣಿಸೆಹಣ್ಣಿನ ನೀರುಸಾರು. ಆ ಹುಣಿಸೆಹಣ್ಣೂ ಸಂತೆಯಿಂದ ಕ್ರಯಕ್ಕೆ ತಂದದ್ದು. "ಅಮ್ಮಾ, ಟೊಮೇಟೊ ಹಾಕಬಾರದಾಗಿತ್ತೆ?" ಎಂದು ಕೇಳಿದೆನು. "ಅದು ಮಾರೋ ಹಣ್ಣು ಸ್ವಾಮಿ. ಎಲ್ಲೋ ಒಂದೆರಡು ಹಾಕ್ಕೊಂತೀವಿ; ಅಷ್ಟೊಂದು ತಂದು ಏನ್ ಮಾಡೋದು?" ಎಂದರು. ಆ ಮನೆಯ ಸೊಸೆ ಐದು ತಿಂಗಳ ಗರ್ಭಿಣಿ. ರಕ್ತ ಕಡಿಮೆಯಿದೆಯೆಂದು ಆಸ್ಪತ್ರೆಯಲ್ಲಿ ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ದರು. ಬದುವಿನ ರಾಶಿಯೂ ಆ ಹೆಣ್ಣುಮಗಳ ಬಿಳಿಚಿದ ಮುಖವೂ ನನ್ನ ಕಣ್ಣಿನ ಮುಂದೆ ಒಟ್ಟಿಗೆ ನಿಂತುವು.

ಇವೆರಡಕ್ಕೆ ಸಂಬಂಧವೇನೆಂದು ಕೇಳಬಹುದು. ನಮ್ಮ ರಾಗಿಯಲ್ಲಿ ಸುಣ್ಣಾಂಶವು ಹೇರಳವಾಗಿದೆ, ಕಬ್ಬಿಣಾಂಶವೂ ಉಂಟು. ಆದರೆ ಧಾನ್ಯ, ಬೇಳೆ, ಸೊಪ್ಪುಗಳ ಕಬ್ಬಿಣಾಂಶವನ್ನು ದೇಹವು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಊಟದಲ್ಲಿ ‘ಸಿ’ ಜೀವಸತ್ವವಿದ್ದರೆ ಹೀರಿಕೆಯು ಹೆಚ್ಚುತ್ತದೆ. ನೂರು ಗ್ರಾಂ ಟೊಮೇಟೊ ಹಣ್ಣಿನಲ್ಲಿ ಸುಮಾರು 25 ಮಿಲಿಗ್ರಾಂ ಈ ಸತ್ವವಿರುತ್ತದೆ. ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡಕೂಡದು. ಹಣ್ಣು ಅದಕ್ಕೆ ಬದಲಲ್ಲ, ಸಹಾಯಕ. ಊಟವಾದೊಡನೆ ಟೀ ಕುಡಿಯುವ ಅಭ್ಯಾಸವು ಈ ಹೀರಿಕೆಗೆ ವಿರೋಧಿಯಾದುದರಿಂದ ಒಂದು ಗಂಟೆಯಾದರೂ ತಡೆಯುವುದು ಲೇಸು.

‘ಸಿ’ ಜೀವಸತ್ವವು ಬಹಳ ಹೊತ್ತಿನ ಕುದಿತದಲ್ಲಿ ನಾಶವಾಗುತ್ತದೆ. ಹಣ್ಣಿನ ಕೆಂಪು ಬಣ್ಣದ ಸತ್ವದ ಸ್ವಭಾವ ಬೇರೆ; ಅದು ಎಣ್ಣೆಯಲ್ಲಿ ಬೆಂದಾಗಲೇ ದೇಹಕ್ಕೆ ಚೆನ್ನಾಗಿ ಒದಗುತ್ತದೆ. ಆದುದರಿಂದ ಒಂದೇ ಬಗೆಯ ಅಡಿಗೆಯನ್ನು ಹಿಡಿಯದೆ ಮೂರು ಬಗೆಗಳನ್ನು ಸರದಿಯಿಂದ ಮಾಡತಕ್ಕದ್ದು.

ಮೊದಲನೆಯದು ಸಾರು. ಅರ್ಧ ಪಾವು ತೊಗರಿಬೇಳೆಯನ್ನು ಅರಿಸಿನದೊಡನೆ ಬೇಯಿಸಿ ಕಡೆದಿಡಿ. ಮೆಣಸು, ಜೀರಿಗೆ, ಬೆಳ್ಳುಳ್ಳಿಗಳನ್ನು ತರಿಯಾಗಿ ಕುಟ್ಟಿ, ಉಪ್ಪಿನೊಡನೆ ಬೇಳೆಯ ಕಟ್ಟಿಗೆ ಹಾಕಿ ಕುದಿಸಿ. ಆರು ಹಣ್ಣುಗಳನ್ನು ಕೈಯಿಂದ ಕಿವುಚಿ ಕಡೆಯಲ್ಲಿ ಸೇರಿಸಿ, ಒಂದೆರಡು ಕುದಿ ಬಂದೊಡನೆ ಇಳಿಸಿ ಮುಚ್ಚಿಡಿ. ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟರೆ ಸಾಕು, ಹುಣಿಸೆಹಣ್ಣು ಬೇಡ.

ಎರಡನೆಯದು ಮುದ್ದೆಗೆ ಗೊಜ್ಜು. ಇದಕ್ಕೆ ಗಿಡದಲ್ಲಿಯೇ ಪೂರ್ಣ ಕಳಿತ ಹಣ್ಣು ಶ್ರೇಷ್ಠ. ದೂರದ ಪೇಟೆಗೆ ಹೋಗುವ ಹಣ್ಣನ್ನು ಬಣ್ಣ ತಿರುಗುವಾಗಲೇ ಬಿಡಿಸುವರು. ಆ ರುಚಿಯು ಹಿತ್ತಲಿನ ಹಣ್ಣಿನ ರುಚಿಗೆ ಸಮವಲ್ಲ. ಎರಡು ಚಮಚ ಕಡಲೆಕಾಯಿ ಎಣ್ಣೆಯಲ್ಲಿ ಸಾಸಿವೆ ಸಿಡಿಸಿ, ಹತ್ತು ಎಸಳು ಬೆಳ್ಳುಳ್ಳಿ, ಎರಡು ಈರುಳ್ಳಿ ಬಾಡಿಸಿ, ಹೆಚ್ಚಿದ ಹತ್ತು ಹಣ್ಣು, ಉಪ್ಪು, ಅರಿಸಿನ, ಮೆಣಸಿನಕಾಯಿಪುಡಿ ಹಾಕಿ, ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಸಣ್ಣ ಉರಿಯಲ್ಲಿ ಬೇಯಿಸಿ. ಹುರಿದ ಹುಚ್ಚೆಳ್ಳಿನ ಪುಡಿ ಒಂದು ಚಮಚ ಬೆರೆಸಿದರೆ ರುಚಿಯೂ ಪುಷ್ಟಿಯೂ ಹೆಚ್ಚುತ್ತವೆ.

ಮೂರನೆಯದು ಬೇಯಿಸದ ಕೋಸಂಬರಿ. ಒಂದು ಹಿಡಿ ನೆನೆಸಿದ ಹೆಸರುಬೇಳೆ, ಮೂರು ಗಟ್ಟಿ ಹಣ್ಣು, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು. ಉಪ್ಪನ್ನು ಬಡಿಸುವಾಗ ಮಾತ್ರ ಬೆರೆಸಿ.

ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಗಳಲ್ಲಿ ಈ ಹುಳಿಯನ್ನು ಬೇಯಿಸಲೂ ಇಡಲೂ ಕೂಡದು. ಲೋಹದ ವಿಷವು ಅಡಿಗೆಗೆ ಇಳಿಯುತ್ತದೆ. ಮಣ್ಣಿನ ಮಡಕೆ ಅಥವಾ ಸ್ಟೀಲಿನ ಪಾತ್ರೆ ಯೋಗ್ಯ. ಔಷಧಿ ಸಿಂಪಡಿಸಿದ್ದರೆ ಚೀಟಿಯಲ್ಲಿ ಹೇಳಿದಷ್ಟು ದಿನ ಕಳೆಯದೆ ಹಣ್ಣು ಬಿಡಿಸಬೇಡಿ. ಬಿಡಿಸಿದ್ದನ್ನು ಚೆನ್ನಾಗಿ ತೊಳೆಯಿರಿ.

ಇನ್ನು ಚಿನ್ನದ ಗಣಿಯ ಊರಿನಿಂದ ಬಂದಿರುವವರಿಗೆ ಎರಡು ಮಾತು. 1880ರಿಂದ ಜಾನ್ ಟೇಲರ್ ಕಂಪೆನಿಯವರು ನಡೆಸಿದ ಆ ಗಣಿಗಳು, ಕಡೆಗೆ ಸರ್ಕಾರದ ಸ್ವಾಧೀನದಲ್ಲಿದ್ದು, 2001ನೆಯ ಇಸವಿ ಫೆಬ್ರವರಿ 28ರಂದು ಮುಚ್ಚಿದುವು. ಅಂದಿನಿಂದ ಎಷ್ಟೋ ಮಂದಿ ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂ ರೈಲನ್ನು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಅವರ ಬುತ್ತಿಗೆ ಈ ಗೊಜ್ಜನ್ನು ಕಲಸಿದ ಅನ್ನವು ಅನುಕೂಲ. ತಮಿಳರ ಮನೆಯ ತಕ್ಕಾಳಿ ಸಾದವೂ ತೆಲುಗರ ಮನೆಯ ಟಮಾಟ ಪಪ್ಪೂ ಇದೇ ಹಣ್ಣಿನ ಬಗೆಗಳೇ. ಲೈನ್‌ಮನೆಗಳಲ್ಲಿ ಹಿತ್ತಲಿಲ್ಲದವರು ಹಳೆಯ ಡಬ್ಬಗಳ ತಳಕ್ಕೆ ತೂತು ಮಾಡಿ ಒಂದೊಂದು ಗಿಡ ಬೆಳೆಸಬಹುದು. ಆದರೆ ಸೈನೈಡ್ ದಿಬ್ಬದ ಮಣ್ಣನ್ನು ಎಂದಿಗೂ ತರಕೂಡದು. ಅದು ಗಣಿಯ ಕಲ್ಲನ್ನು ಅರೆದು ಚಿನ್ನ ತೆಗೆದುಳಿದ ಪುಡಿ. ಕೆರೆಗೋಡನ್ನೂ ಕೊಳೆತ ಗೊಬ್ಬರವನ್ನೂ ಬೆರೆಸಿ ತುಂಬಿರಿ.

ಹಣ್ಣು ಇನ್ನೂ ಮಿಕ್ಕರೆ ಬಿಸಿಲಿನ ದಿನಗಳಲ್ಲಿ ತೆಳ್ಳಗೆ ಹೆಚ್ಚಿ, ಉಪ್ಪು ಸವರಿ, ತೆಳುಬಟ್ಟೆ ಮುಚ್ಚಿ ಒಣಗಿಸಿರಿ; ರಾತ್ರಿ ಒಳಗೆ ತನ್ನಿರಿ. ಪಸೆಯಿಲ್ಲದಂತೆ ಒಣಗಿದುದನ್ನು ಗಾಳಿಯಾಡದ ಜಾಡಿಯಲ್ಲಿಟ್ಟರೆ ಹಣ್ಣು ಸಿಕ್ಕದ ಕಾಲಕ್ಕೆ ಒದಗುತ್ತದೆ. ಬೂಸಲು ಬಂದದ್ದನ್ನು ಎಸೆಯಿರಿ.

ಮನೆಯಲ್ಲಿ ಉಂಡ ಮಾತ್ರದಿಂದ ಪೇಟೆಯ ಧಾರಣೆ ಏರುವುದಿಲ್ಲವೆಂಬುದನ್ನು ನಾನು ಬಲ್ಲೆ. 2023ನೆಯ ಇಸವಿ ಜುಲೈ ತಿಂಗಳಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಹಣ್ಣಿನ ಪೆಟ್ಟಿಗೆಯು 2000 ರೂಪಾಯಿಗೂ ಮೇಲೆ ಮಾರಿತು. ಬೇರೆ ಕಾಲಗಳಲ್ಲಿ ಅದೇ ಹಣ್ಣನ್ನು ರಸ್ತೆಯ ಬದಿಗೆ ಸುರಿದದ್ದೂ ಉಂಟು. ಧಾರಣೆಯು ನಮ್ಮ ಕೈಯಲ್ಲಿಲ್ಲ. ಅಡಿಗೆಯು ನಮ್ಮ ಕೈಯಲ್ಲಿದೆ. ಆದುದರಿಂದ ನನ್ನ ಕೋರಿಕೆಯು ಇಷ್ಟೇ: ಧಾರಣೆ ಏರಿರಲಿ, ಇಳಿದಿರಲಿ, ಪೆಟ್ಟಿಗೆಯನ್ನು ತುಂಬುವ ಮೊದಲು ಒಂದು ಪುಟ್ಟಿ ಒಳ್ಳೆಯ ಹಣ್ಣನ್ನು ಮನೆಗೆಂದು ತೆಗೆದಿಡಿ, ಅದರ ಮೊದಲ ಪಾಲು ಗರ್ಭಿಣಿಯರಿಗೂ ಮಕ್ಕಳಿಗೂ ಸಲ್ಲಲಿ.