ರೊಟ್ಟಿ ತಂದ ನಾಯಿ
(ಆಗಸ್ಟ್ 16, ಸಂತ ರೋಕರ ಹಬ್ಬದ ಪ್ರಬೋಧನೆ)



ಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುವ ವಿಚಿತ್ರ ಸುದ್ದಿಗಳೆಂದರೆ ನಮಗೆಲ್ಲ ಇಷ್ಟ. ದೊಡ್ಡ ಸುದ್ದಿ ಮರೆತರೂ ಅವು ಮರೆಯುವುದಿಲ್ಲ. ಅಂಥ ಸುದ್ದಿಯೊಂದು ನಮ್ಮ ಸೀಮೆಯದೇ ಆಗಿದೆ.

ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಈ ಕೇಂದ್ರದಲ್ಲಿ ಮುಧೋಳ ನಾಯಿಯ ತಳಿಯನ್ನು ಕಾಪಾಡುತ್ತಾರೆ. ಸಣಕಲು ಮೈ, ಉದ್ದ ಕಾಲು, ಚೂಪು ಮೋರೆ. ನೋಡಿದರೆ ಊಟ ಕಾಣದ ಪ್ರಾಣಿಯೇನೋ ಅನಿಸುತ್ತದೆ. ಓಡಲು ನಿಂತರೆ ಮೊಲವೂ ತಪ್ಪಿಸಿಕೊಳ್ಳುವುದು ಕಷ್ಟ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಇದರ ಒಂದು ಜೋಡಿಯನ್ನು ಬ್ರಿಟಿಷ್ ದೊರೆ ಐದನೆಯ ಜಾರ್ಜ್‌ಗೆ ಕಾಣಿಕೆ ಕೊಟ್ಟಿದ್ದರು. ಆದರೂ ಬಹುಕಾಲ ನಮ್ಮ ಜನ ಇದನ್ನು ಹಳ್ಳಿನಾಯಿ ಎಂದು ಬದಿಗೊತ್ತಿ ವಿದೇಶಿ ನಾಯಿಗೆ ಸಾವಿರಾರು ರೂಪಾಯಿ ಎಣಿಸಿದರು. 2005ರಲ್ಲಿ ಅಂಚೆಚೀಟಿಯ ಮೇಲೆ ಇದರ ಚಿತ್ರ ಬಂತು. 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ಮರಿಗಳು ತರಬೇತಿಗೆ ಹೋದವು. 2024ರ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ಗಡಿ ಭದ್ರತಾ ಪಡೆಯ ರಿಯಾ ಎಂಬ ಮುಧೋಳ ನಾಯಿ ಜಾಡು ಹಿಡಿಯುವುದರಲ್ಲಿ ವಿದೇಶಿ ತಳಿಗಳನ್ನೆಲ್ಲ ಹಿಂದೆ ಹಾಕಿ ಮೊದಲ ಸ್ಥಾನ ಪಡೆಯಿತು. ಈಗ ಎಲ್ಲರಿಗೂ ಅದು ಬೇಕು! ಹೊರಗಿನವರು ಮೆಚ್ಚಿದ ಮೇಲೆಯೇ ಮನೆಯವರ ಬೆಲೆ ನಮಗೆ ತಿಳಿಯುವುದು. ನಜರೇತಿನಲ್ಲಿ ಪ್ರಭು ಯೇಸುವಿಗೂ ಇದೇ ಗತಿಯಾಯಿತಲ್ಲವೇ?

ಹಬ್ಬದ ದಿನ ನಾಯಿಯ ಮಾತೇಕೆ ಎಂದು ಹಿರಿಯರು ಕೇಳಬಹುದು. ಸಂತ ರೋಕರ ಸ್ವರೂಪವನ್ನು ನೋಡಿರಿ. ಅವರ ಕಾಲ ಬಳಿ ಬಾಯಲ್ಲಿ ರೊಟ್ಟಿ ಹಿಡಿದ ನಾಯಿ ಇದೆ. ಫ್ರಾನ್ಸಿನ ಮೊಂಪೆಲಿಯೆ ಪಟ್ಟಣದ ಶ್ರೀಮಂತ ಮನೆಯ ಮಗ ರೋಕರು ಆಸ್ತಿಯನ್ನು ಬಡವರಿಗೆ ಹಂಚಿ ರೋಮಿಗೆ ಯಾತ್ರೆ ಹೊರಟರು. ದಾರಿಯ ಊರುಗಳಲ್ಲಿ ಪ್ಲೇಗ್. ಎಲ್ಲರೂ ಓಡುತ್ತಿದ್ದಾಗ ಅವರು ನಿಂತು ರೋಗಿಗಳ ಆರೈಕೆ ಮಾಡಿದರು. ಕೊನೆಗೆ ಪಿಯಾಚೆಂಝಾದಲ್ಲಿ ಅವರಿಗೇ ರೋಗ ತಗುಲಿತು. ಆಗ ಯಾರಿಗೂ ಭಾರವಾಗಬಾರದೆಂದು ಕಾಡು ಸೇರಿದರು. ಅಲ್ಲಿ ಒಂದು ನಾಯಿ ದಿನವೂ ತನ್ನ ಯಜಮಾನನ ಮೇಜಿನಿಂದ ರೊಟ್ಟಿ ಕಚ್ಚಿಕೊಂಡು ಹೋಗಿ ಕೊಡುತ್ತಿತ್ತೆಂದು ಸಂಪ್ರದಾಯ ಹೇಳುತ್ತದೆ. ರೊಟ್ಟಿ ಎಲ್ಲಿಗೆ ಹೋಗುತ್ತಿದೆಯೆಂದು ಹಿಂಬಾಲಿಸಿದ ಯಜಮಾನ ಕಂಡದ್ದು ಕಾಡಿನಲ್ಲಿ ಬಿದ್ದಿದ್ದ ಸಂತನನ್ನು. ಸಂತ ಲೂಕನ ಶುಭಸಂದೇಶದಲ್ಲೂ ಧನಿಕನ ಬಾಗಿಲಲ್ಲಿ ಬಿದ್ದ ಲಾಜರನ ಹುಣ್ಣಿನ ಬಳಿಗೆ ಬಂದದ್ದು ನಾಯಿಗಳೇ. ಧನಿಕ ಹೊರಗೆ ಬರಲಿಲ್ಲ.

1925ರ ಚಳಿಗಾಲದಲ್ಲಿ ಅಲಾಸ್ಕಾದ ನೋಮ್ ಪಟ್ಟಣದ ಮಕ್ಕಳಿಗೆ ಡಿಫ್ತೀರಿಯಾ ಬಂತು. ಹಿಮದಲ್ಲಿ ಬೇರೆ ದಾರಿಯಿಲ್ಲ. ಸುಮಾರು 20 ಜನ ಸಾರಥಿಗಳು, 150 ನಾಯಿಗಳು ಸರದಿಯ ಮೇಲೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಓಡಿ ಐದೂವರೆ ದಿನದಲ್ಲಿ ಔಷಧಿ ತಲುಪಿಸಿದರು. ಕೊನೆಯ ಸರದಿಯ ಬಾಲ್ಟೋಗೆ ನ್ಯೂಯಾರ್ಕಿನಲ್ಲಿ ಪ್ರತಿಮೆ ನಿಂತಿತು. ಎಲ್ಲಕ್ಕಿಂತ ಕಠಿಣವಾದ ದಾರಿ ಓಡಿದ್ದು ಟೋಗೋ ಎಂಬ ಇನ್ನೊಂದು ನಾಯಿ. ಕೂಲಿ ಒಬ್ಬರದು, ಹೆಸರು ಇನ್ನೊಬ್ಬರದು!

ಪ್ರಿಯರೇ, 2020ರಲ್ಲಿ ಕೊರೋನಾ ಬಂದಾಗ ನಮ್ಮ ಹಳ್ಳಿಗಳ ದಾರಿಗೆ ಮುಳ್ಳು ಹಚ್ಚಿದ್ದು ನಮಗೆ ನೆನಪಿದೆ. ದುಡಿಯಲು ಹೋಗಿ ಮರಳಿದ ನಮ್ಮವರೇ ಊರ ಹೊರಗೆ ನಿಂತಿದ್ದರು. ಭಯವಿತ್ತು, ಅದನ್ನು ತಪ್ಪೆನ್ನಲಾಗದು. ಆದರೆ ರೋಗ ಹೋಗಿ ವರ್ಷಗಳಾದರೂ ಕೆಲವು ಮನೆಗಳ ಬಾಗಿಲಿಗೆ ಹಚ್ಚಿದ ಮುಳ್ಳು ಹಾಗೆಯೇ ಇದೆ. ಟಿ.ಬಿ. ಆದವರು, ಹಾಸಿಗೆ ಹಿಡಿದ ಅಜ್ಜ, ಬುದ್ಧಿ ಸ್ಥಿಮಿತ ತಪ್ಪಿದ ಮಗಳಿರುವ ತಾಯಿ, ಕುಡಿತದಿಂದ ಹಾಳಾದನೆಂದು ನಾವೇ ದೂರವಿಟ್ಟ ತಮ್ಮ. ಪರಮಪ್ರಸಾದ ಸ್ವೀಕರಿಸಿ ಅದೇ ಬಾಗಿಲ ಮುಂದೆ ಮುಖ ತಿರುಗಿಸಿಕೊಂಡು ನಡೆಯುತ್ತೇವೆ.

ಈ ದಿನ ಪೂಜೆಯ ನಂತರ ಸಂತ ರೋಕರ ಸ್ವರೂಪದ ಮುಂದೆ ಜೋಳದ ರೊಟ್ಟಿಗಳನ್ನು ಆಶೀರ್ವದಿಸಲಾಗುವುದು. ಪ್ರತಿ ಕುಟುಂಬದವರು ಎರಡು ರೊಟ್ಟಿ ಒಯ್ಯಿರಿ. ಒಂದನ್ನು ಮನೆಯಲ್ಲಿ ಹಂಚಿಕೊಳ್ಳಿರಿ. ಇನ್ನೊಂದು ಯಾರ ಮನೆಗೆ ಎಂಬುದು ನಿಮಗೆ ಗೊತ್ತು. ಮಕ್ಕಳನ್ನೂ ಕರೆದುಕೊಂಡು ಹೋಗಿರಿ. ಬಾಗಿಲಲ್ಲೇ ಕೊಟ್ಟು ಬರದೆ, ಒಳಗೆ ಹೋಗಿ ಸ್ವಲ್ಪ ಹೊತ್ತು ಕುಳಿತು ಬನ್ನಿರಿ.